ಮೂವತ್ತೆಂಟನೆಯವನು

ಮಾರ್ಚ್ 4, ಮಂಗಳವಾರ. ಬೆಳಗ್ಗೆ 7

ಎಡ ಮಂಡಿಗೆ ಮುಲಾಮು, ಬಲ ಮಂಡಿಗೆ ಬಿಸಿನೀರಿನ ಚೀಲ. ಇಷ್ಟು ಮುಗಿಯುವಷ್ಟರಲ್ಲಿ ಕಾಫಿ ಆರಿರುತ್ತದೆ. ಇವಳು ಎರಡನೇ ಸಲ ಬಿಸಿ ಮಾಡುವುದಿಲ್ಲ. “ಆಡುವಾಗ ಕುಣಿದ್ರಿ, ಈಗ ಅನುಭವಿಸಿ.” ಮದುವೆಯಾದಾಗಿನಿಂದ ಅದೇ ಡೈಲಾಗ್.

ನಿನ್ನೆ ಫೆಡರೇಶನ್‌ನಿಂದ ದಪ್ಪ ಲಕೋಟೆ. ಐವತ್ತನೇ ವರ್ಷಕ್ಕೆ ಪುಸ್ತಕ ತರುತ್ತಾರಂತೆ—ಸಾರ್ವಕಾಲಿಕ ಐವತ್ತು ಬ್ಯಾಸ್ಕೆಟ್‌ಬಾಲ್ ಆಟಗಾರರು, ಒಂದರಿಂದ ಐವತ್ತರವರೆಗೆ ಕ್ರಮವಾಗಿ. ಪ್ರತಿ ಹೆಸರಿನ ಕೆಳಗೆ ಎರಡು ಸಾಲು. ಸಮಿತಿಯಲ್ಲಿ ನಾಲ್ವರು: ಅಧ್ಯಕ್ಷರು, ಒಬ್ಬ ನಿವೃತ್ತ ವರದಿಗಾರ, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಒಬ್ಬ ಮೇಡಂ, ನಾನು. ತನ್ನ ಹೆಸರಿಗೆ ತಾನೇ ಅಂಕ ಹಾಕಿಕೊಳ್ಳುವ ಹಾಗಿಲ್ಲ. ಉಳಿದ ಮೂವರು ಸೇರಿ ಕರಡಿನಲ್ಲೇ ನನ್ನನ್ನು ಒಂದನೇ ಸ್ಥಾನಕ್ಕೆ ಹಾಕಿದ್ದಾರೆ.

ಖುಷಿಯಾಯಿತು. ಇಲ್ಲಿ ಯಾರಿಗೋಸ್ಕರ ಸುಳ್ಳು ಬರೆಯಲಿ.

ಆಮೇಲೆ ಚಿಲಕನನ್ನು ಹುಡುಕಿದೆ. ಹತ್ತರೊಳಗೆ ಇಲ್ಲ. ಇಪ್ಪತ್ತರೊಳಗೆ ಇಲ್ಲ. ಮೂವತ್ತೆಂಟು. ಕೆಳಗೆ ಎರಡು ಸಾಲು—“ರಕ್ಷಣೆಗೆ ಹೆಸರಾದ ಫಾರ್ವರ್ಡ್. ದುಡುಕು ಸ್ವಭಾವದಿಂದ ಹತ್ತೊಂಬತ್ತು ಸಲ ಐದು ಫೌಲ್ ಮಾಡಿ ಹೊರಬಿದ್ದ. ದೊಡ್ಡ ಫೈನಲ್‌ನಲ್ಲೂ ತಂಡವನ್ನು ನಡುನೀರಿನಲ್ಲಿ ಬಿಟ್ಟ.”

ಬರೆದದ್ದು ವರದಿಗಾರ. ಅವನ ಶೈಲಿ ನನಗೆ ಗೊತ್ತು.

ಚಿಲಕ ನನ್ನ ತಂಗಿಯ ಗಂಡ. ಭಾವಮೈದ ಆಗುವುದಕ್ಕೂ ಮೊದಲು ತಂಡದವನು. ಹನ್ನೊಂದು ವರ್ಷ ಒಟ್ಟಿಗೆ ಆಡಿದ್ದೇವೆ. ನಾನು ಪಾಯಿಂಟ್ ಹಾಕುವವನು, ಅವನು ಎದುರಾಳಿ ತಂಡದ ದೊಡ್ಡ ಆಟಗಾರನಿಗೆ ಬಾಗಿಲು ಹಾಕಿ ಚಿಲಕ ಜಡಿಯುವವನು. ಹೆಸರು ಬಂದದ್ದು ಹಾಗೆ.

ಪಟ್ಟಿ ಮಡಿಸಿ ಇಟ್ಟೆ. ಕಾಫಿ ಆರಿತ್ತು.


ಮಾರ್ಚ್ 6, ಗುರುವಾರ

ತಂಗಿಯ ಮನೆಗೆ ಹೋಗಿದ್ದೆ. ಎರಡು ಕೋಣೆ, ಒಂದರಲ್ಲಿ ಅವಳ ಹೊಲಿಗೆ ಯಂತ್ರ, ಇನ್ನೊಂದರಲ್ಲಿ ಅವನ ಮಂಚ. ಮಂಚದ ಪಕ್ಕ ಆಕ್ಸಿಜನ್ ಯಂತ್ರ, ಹಗಲೆಲ್ಲಾ ಗುರ್ ಎನ್ನುತ್ತದೆ. ಬಸ್ ಡಿಪೋದ ಟೈರ್ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ. ರಬ್ಬರ್ ಉಜ್ಜುವ ಕೆಲಸ. ಆ ಕರಿ ಪುಡಿ ಈಗ ಶ್ವಾಸಕೋಶದಲ್ಲಿದೆ ಎಂದು ಡಾಕ್ಟರ್ ಫಿಲ್ಮ್ ಹಿಡಿದು ತೋರಿಸಿದ್ದರಂತೆ. ಆರಡಿ ಎರಡಂಗುಲದ ಮನುಷ್ಯ, ಈಗ ಮಂಚದಲ್ಲಿ ಜಾಗ ಉಳಿಯುತ್ತದೆ.

“ಬಾ ದೊರೆ,” ಅಂದ. ನನ್ನನ್ನು ಅವನು ಕರೆಯುವುದೇ ಹಾಗೆ. “ಪಟ್ಟಿ ಎಲ್ಲಿಗೆ ಬಂತು?”

ಪಟ್ಟಿ ಜೇಬಿನಲ್ಲಿತ್ತು. ತೋರಿಸಬಾರದಿತ್ತು. ಒಂದನೇ ಪುಟ ತೋರಿಸಬೇಕು ಎಂಬ ಚಪಲ… ಅವನು ನನ್ನ ಸಾಲು ಓದಿ, “ಸರಿಯಾಗಿದೆ,” ಅಂದ. ಆಮೇಲೆ ಸಾವಕಾಶವಾಗಿ ಪುಟ ತಿರುಗಿಸುತ್ತಾ ಹೋದ. ಮೂವತ್ತೆಂಟಕ್ಕೆ ಬಂದಾಗ ಕನ್ನಡಕ ಸರಿಮಾಡಿಕೊಂಡ. ಎರಡು ಸಾಲು ಓದಲು ಅಷ್ಟು ಹೊತ್ತು ಬೇಕಾಗಿರಲಿಲ್ಲ.

“ನಂಬರ್ ಪರವಾಗಿಲ್ಲ,” ಅಂದ. “ತಡೆಯೋರಿಗೆ ಯಾವತ್ತೂ ಹಿಂದಿನ ಬೆಂಚು. ಆದ್ರೆ ಈ ದುಡುಕು ಅನ್ನೋದು… ಮೊಮ್ಮಗಳು ಓದ್ತಾಳೆ ಮಾರಾಯ. ಇದೊಂದು ತೆಗಿಸೋಕಾಗುತ್ತಾ?”

ನೋಡೋಣ ಅಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ತಂಗಿ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.


ಮಾರ್ಚ್ 12, ಬುಧವಾರ. ಸಂಜೆ 6

ಸಮಿತಿ ಸಭೆ. ಫೆಡರೇಶನ್ ಕಚೇರಿಯ ಮೇಲಿನ ಕೋಣೆ, ಫ್ಯಾನಿನ ಕೆಳಗೆ ಯಾರೂ ಕೂರುವುದಿಲ್ಲ, ಅದು ಅಲ್ಲಾಡುತ್ತದೆ.

ಮೂವತ್ತೆಂಟಕ್ಕೆ ಬಂದಾಗ ಲೆಕ್ಕದ ಮೇಡಂ ಪೆನ್ನು ಕೆಳಗಿಟ್ಟರು. ಮೂವತ್ತೈದರ ಹೆಂಗಸು. ನಮ್ಮಲ್ಲಿ ಯಾರ ಆಟವನ್ನೂ ಕಣ್ಣಾರೆ ನೋಡಿಲ್ಲ. ಹಳೆಯ ಸ್ಕೋರ್ ಪುಸ್ತಕಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಹತ್ತಿಸಿದವರು.

“ಇವರ ಜಾಗ ಇದಲ್ಲ ಅನ್ಸುತ್ತೆ ಸರ್. ಇವರು ಯಾರನ್ನ ತಡೀತಿದ್ರೋ ಅವರ ಪಾಯಿಂಟ್ ತೆಗೆದು ನೋಡಿದೆ. ಬೇರೆ ಪಂದ್ಯದಲ್ಲಿ ಇಪ್ಪತ್ತೆರಡು ಹಾಕೋರು ಇವರೆದುರು ಒಂಬತ್ತು. ಎಲ್ಲರದ್ದೂ ಹೀಗೇ. ನನ್ನ ಲೆಕ್ಕದಲ್ಲಿ ಇವರು ಆರನೆಯವರು.”

ವರದಿಗಾರ ನಕ್ಕ. “ಅಮ್ಮಾ, ಬೀಳದೇ ಇರೋ ಚೆಂಡನ್ನ ಯಾರು ಎಣಿಸ್ತಾರೆ? ಜನ ಹಾಕಿದವನನ್ನ ನೆನಪಿಡ್ತಾರೆ. ತಡೆದವನು ಕಾವಲುಗಾರ ಇದ್ದಂಗೆ, ಕಳ್ಳತನ ಆದಾಗ ಮಾತ್ರ ನೆನಪಾಗ್ತಾನೆ. ಅದೂ ಅಲ್ಲದೆ ಫೈನಲ್‌ನಲ್ಲಿ ಮೂರು ನಿಮಿಷ ಇರೋವಾಗ ಐದನೇ ಫೌಲ್. ಅಂಥವನನ್ನ ಆರಕ್ಕೆ ಹಾಕಿದ್ರೆ ನಗ್ತಾರೆ.”

ಎಲ್ಲರೂ ನನ್ನ ಕಡೆ ತಿರುಗಿದರು. ಆಗ ಹೇಳಬಹುದಿತ್ತು. ಬಾಯಿಗೆ ಬಂದದ್ದು ಬೇರೆ—

“ಅವನು ನನ್ನ ಭಾವಮೈದ. ನಾನು ಮಾತಾಡೋದು ನ್ಯಾಯ ಅಲ್ಲ. ನೀವೇ ತೀರ್ಮಾನ ಮಾಡಿ.”

ಅಧ್ಯಕ್ಷರು ಮೇಜು ತಟ್ಟಿದರು. “ನೋಡಿ, ನಿಷ್ಪಕ್ಷಪಾತ ಅಂದ್ರೆ ಇದು.” ಮೂವತ್ತೆಂಟೇ ಉಳಿಯಿತು. ಎರಡು ಸಾಲೂ.

ಬಿಸ್ಕತ್ತು ಕೊಟ್ಟರು. ತಿಂದೆ.


ಮಾರ್ಚ್ 13, ಗುರುವಾರ. ಬೆಳಗ್ಗೆ

ಬರೆದು ಬಿಡುತ್ತೇನೆ. ಈ ಡೈರಿ ಯಾರೂ ಓದುವುದಿಲ್ಲ. ಇವಳಿಗೆ ನನ್ನ ಅಕ್ಷರ ತಿಳಿಯುವುದಿಲ್ಲ, ತಿಳಿದರೂ ಆಸಕ್ತಿ ಇಲ್ಲ.

ಆಗ ನಿಯಮ ಹೀಗಿತ್ತು. ಸೀಟಿ ಊದಿದ ಮೇಲೆ ಫೌಲ್ ಮಾಡಿದವನು ಕೈ ಎತ್ತಬೇಕು. ಮೇಜಿನ ಹಿಂದೆ ಕೂತ ಸ್ಕೋರರ್ ಆ ಕೈ ನೋಡಿ, ನಂಬರ್ ನೋಡಿ ಬರೆದುಕೊಳ್ಳಬೇಕು. ಐದಾದರೆ ಹೊರಗೆ. ಬ್ಯಾಸ್ಕೆಟ್ಟಿನ ಕೆಳಗೆ ಐದಾರು ಜನ ಮೈಮೇಲೆ ಮೈ ಬಿದ್ದಿರುವಾಗ ಯಾರ ಮೊಣಕೈ ಎಂದು ರೆಫ್ರಿಗೂ ಗೊತ್ತಾಗುತ್ತಿರಲಿಲ್ಲ. ಕೈ ಎತ್ತಿದವನ ಲೆಕ್ಕಕ್ಕೆ.

ಎರಡನೇ ವರ್ಷ, ಒಂದು ಪಂದ್ಯ. ನನಗೆ ಆಗಲೇ ನಾಲ್ಕು ಫೌಲ್. ನಾನೇ ಒಬ್ಬನನ್ನು ತಳ್ಳಿದೆ. ಸೀಟಿ. ನನ್ನ ಕೈ ಏಳುವ ಮೊದಲೇ ಪಕ್ಕದಲ್ಲಿ ಚಿಲಕನ ಕೈ ಮೇಲಿತ್ತು. ಏನೋ ಗೊಂದಲ ಅಂದುಕೊಂಡೆ. ಅವನು ನನ್ನ ಕಡೆ ನೋಡಲೂ ಇಲ್ಲ, ಓಡಿ ತನ್ನ ಜಾಗಕ್ಕೆ ಹೋದ.

ಆಮೇಲೆ ಅದೇ ಅಭ್ಯಾಸ. ಮಾತಾಡಿಕೊಂಡದ್ದಲ್ಲ. ಒಂದು ದಿನವೂ ಮಾತಾಡಿಲ್ಲ. ನನಗೆ ನಾಲ್ಕು ಆಯಿತೆಂದರೆ ಮುಂದಿನದೆಲ್ಲ ಅವನದು. ನನಗೂ ಧೈರ್ಯ ಬಂತು, ಇನ್ನೂ ಜೋರಾಗಿ ನುಗ್ಗುತ್ತಿದ್ದೆ. ಮೊಣಕೈ ನನ್ನದು, ಕೈ ಅವನದು.

ಆ ಫೈನಲ್. ನನಗೆ ನಾಲ್ಕು. ಅವನಿಗೂ ನಾಲ್ಕು—ಅದರಲ್ಲಿ ಮೂರು ನನ್ನವೇ. ಮೂರು ನಿಮಿಷ ಬಾಕಿ. ನನ್ನ ಮೊಣಕೈ ಎದುರಾಳಿಯ ದವಡೆಗೆ ಬಿತ್ತು. ಈ ಸಲ ಎತ್ತಲಾರ ಅಂದುಕೊಂಡೆ, ಎತ್ತಿದರೆ ಅವನೇ ಹೊರಗೆ. ಎತ್ತಿದ. ಟವೆಲ್ ಹೊದ್ದು ಬೆಂಚಿನ ತುದಿಯಲ್ಲಿ ಕೂತ. ನಾನು ಕೊನೆಯ ಏಳು ಪಾಯಿಂಟ್ ಹಾಕಿದೆ, ಒಂದು ಪಾಯಿಂಟಿನಿಂದ ಗೆದ್ದೆವು. ಪೇಪರಿನಲ್ಲಿ ನಾನು ವೀರ. ಅವನು ದುಡುಕ.

ಎರಡು ತಿಂಗಳು ಕಳೆದ ಮೇಲೆ ಬ್ಯಾಂಕಿನಲ್ಲಿ ಆಟಗಾರರಿಗೆ ಒಂದು ಹುದ್ದೆ. ಇಬ್ಬರೂ ಹೋದೆವು. ಅವನ ಫೈಲಿನಲ್ಲಿ ಅದೇ ಪೇಪರ್ ತುಂಡು ಇತ್ತಂತೆ, “ಶಿಸ್ತು ಸಾಲದು” ಅಂದರಂತೆ. ನಾನು ಬ್ಯಾಂಕಿಗೆ. ಅವನು ಡಿಪೋಗೆ.

ಇದನ್ನು ಬರೆದ ಮೇಲೂ ಮೈ ಹಗುರ ಆಗಲಿಲ್ಲ.


ಮಾರ್ಚ್ 20, ಗುರುವಾರ

ಲೆಕ್ಕದ ಮೇಡಂ ಮನೆಗೇ ಬಂದಿದ್ದರು. ಕೈಯಲ್ಲಿ ಪ್ರಿಂಟ್ ತೆಗೆದ ಹಾಳೆಗಳು. ಇವಳು ನೀರು ಕೊಟ್ಟು ಒಳಗೆ ಹೋದಳು, ಆದರೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತೇಹೋಯಿತು.

“ಒಂದು ವಿಚಿತ್ರ ಕಾಣ್ತಿದೆ ಸರ್. ಇನ್ನೂರ ಹನ್ನೆರಡು ಪಂದ್ಯ ಒಟ್ಟಿಗೆ ಆಡಿದೀರಿ. ಅರವತ್ತಮೂರರಲ್ಲಿ ನಿಮಗೆ ನಾಲ್ಕು ಫೌಲ್. ಐದನೇದು ಒಂದ್ಸಲಾನೂ ಇಲ್ಲ.”

“ನಾಲ್ಕಾದ ಮೇಲೆ ಜಾಗ್ರತೆಯಿಂದ ಆಡ್ತಿದ್ದೆ.”

“ಹಾಗೇ ಅಂದ್ಕೊಂಡೆ. ಆದ್ರೆ ನಿಮಗೆ ನಾಲ್ಕು ಆಗದ ಪಂದ್ಯಗಳಲ್ಲಿ ಚಿಲಕ ಸರ್ ಒಂದು, ಎರಡು—ಅಷ್ಟೇ. ಕೆಲವದ್ರಲ್ಲಿ ಸೊನ್ನೆ. ಅವರು ಐದಾಗಿ ಹೊರಗೆ ಹೋದ ಹತ್ತೊಂಬತ್ತೂ ಪಂದ್ಯದಲ್ಲಿ ನಿಮಗೆ ನಾಲ್ಕಿದೆ. ಹತ್ತೊಂಬತ್ತಕ್ಕೆ ಹತ್ತೊಂಬತ್ತು. ಇದು ಹೇಗೆ ಸರ್?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿ ಹಾಳೆಗಳ ಮೇಲೆ ಹೋಯಿತು, ಮುಚ್ಚುವಂತೆ.

“ಕಾಕತಾಳೀಯ ಇರ್ಬೇಕು,” ಅಂದೆ. “ಆಟ ಬಿಗಿ ಆದಾಗ ಎಲ್ಲರದ್ದೂ ಫೌಲ್ ಜಾಸ್ತಿ.”

“ಬೇರೆ ಮೂವರದ್ದು ಜಾಸ್ತಿ ಆಗಿಲ್ಲ ಸರ್.” ವಾದ ಮಾಡುವ ದನಿಯಲ್ಲ. ಹಾಳೆ ಜೋಡಿಸಿಕೊಂಡು ಎದ್ದರು. “ಆ ಫೌಲ್ ಬಿಟ್ಟು ಲೆಕ್ಕ ಹಾಕಿದ್ರೆ ಅವರು ಮೂರನೇ ಸ್ಥಾನಕ್ಕೆ ಬರ್ತಾರೆ. ಅವೆಲ್ಲ ನಿಮ್ಮವು ಅಂತ ಹಾಕಿದ್ರೆ ನೀವು ಒಂಬತ್ತಕ್ಕೆ ಹೋಗ್ತೀರಿ. ನಾನು ಯಾರಿಗೂ ಹೇಳಿಲ್ಲ. ಪುಸ್ತಕ ಪ್ರೆಸ್ಸಿಗೆ ಹೋಗೋದು ಏಪ್ರಿಲ್ ಎರಡಕ್ಕೆ.”

ಅವರು ಹೋದ ಮೇಲೆ ಇವಳು ಬಂದು ಲೋಟ ತೆಗೆದಳು. “ಒಳ್ಳೆ ಹುಡುಗಿ. ಬಯ್ಯದೇ ಬೈದು ಹೋದ್ಲು.”

ನಿನಗೇನು ಗೊತ್ತು ಅಂದೆ. ಏನೂ ಗೊತ್ತಿಲ್ಲ ಅಂದಳು.


ಮಾರ್ಚ್ 21

ಒಂಬತ್ತು.


ಮಾರ್ಚ್ 27, ಗುರುವಾರ. ಮಧ್ಯಾಹ್ನ

ಐದು ದಿನ ಏನೂ ಬರೆದಿಲ್ಲ. ತಂಗಿಯ ಮನೆಗೂ ಹೋಗಿಲ್ಲ. ಮಂಡಿ ನೋವು ಎಂದು ಹೇಳಿ ಕಳಿಸಿದ್ದೆ. ನೋವು ಇದ್ದದ್ದು ನಿಜ, ಆದರೆ ಕಾರಣ ಅದಲ್ಲ.

ಬೆಳಗ್ಗೆ ಅವಳ ಫೋನ್. ಚಿಲಕ ಆಸ್ಪತ್ರೆಯಲ್ಲಿ. ಉಸಿರು ಸಾಲುತ್ತಿಲ್ಲ.

ಹೋದೆ. ಮೂರನೇ ಮಹಡಿ, ಎಂಟು ಮಂಚದ ವಾರ್ಡ್, ಕಿಟಕಿ ಪಕ್ಕದ್ದು ಅವನದು. ಮುಖಕ್ಕೆ ಮಾಸ್ಕ್, ಕಣ್ಣು ಮುಚ್ಚಿತ್ತು. ತಂಗಿ ನನ್ನನ್ನು ಹೊರಗೆ ಮೆಟ್ಟಿಲ ಹತ್ತಿರ ಕರೆದುಕೊಂಡು ಬಂದಳು.

“ಡಾಕ್ಟ್ರು ವಾರಗಳ ಮಾತಾಡ್ತಿದಾರೆ ಅಣ್ಣ. ತಿಂಗಳಲ್ಲ.”

ಏನೋ ಸಮಾಧಾನ ಹೇಳಲು ಹೋದೆ. ತಡೆದಳು.

“ಒಂದು ಮಾತು ಕೇಳು. ಮದುವೆ ಆದ ವರ್ಷಾನೇ ಇವರು ನಂಗೆ ಹೇಳಿದ್ರು, ಆ ಫೌಲ್‌ಗಳು ಯಾರದ್ದು ಅಂತ. ನಿಮ್ಮಣ್ಣನ ಹತ್ರ ಬಾಯಿ ಬಿಡ್ಬೇಡ ಅಂದ್ರು. ಬಿಡ್ಲಿಲ್ಲ. ಅಣ್ಣ ಒಳ್ಳೆಯವನು, ಒಂದಲ್ಲ ಒಂದಿನ ಅವನೇ ಹೇಳ್ತಾನೆ ಅಂತ ಕಾದೆ. ನಂಗೀಗ ಅರವತ್ತು. ಎಷ್ಟು ಕಾಯ್ಲಿ?”

ಅವಳು ಅಳಲಿಲ್ಲ. ಅತ್ತಿದ್ದರೆ ಸುಲಭವಾಗುತ್ತಿತ್ತು.

“ಹೇಳ್ತೀನಿ,” ಅಂದೆ.


ಮಾರ್ಚ್ 29, ಶನಿವಾರ

ಪತ್ರ ಬರೆದೆ. ಸಮಿತಿಗೆ. ನಾಲ್ಕು ಪುಟ. ಎರಡು ಸಲ ತಿದ್ದಿ ಶುದ್ಧಪ್ರತಿ ಮಾಡಿದೆ. ಚೆನ್ನಾಗಿ ಬಂದಿದೆ. ಓದಿದವರ ಕಣ್ಣು ತೇವ ಆಗಬೇಕು.

ಕಳಿಸುವ ಮೊದಲು ಚಿಲಕನಿಗೆ ತೋರಿಸಬೇಕು.


ಮಾರ್ಚ್ 30, ಭಾನುವಾರ. ಸಂಜೆ

ಇವತ್ತು ಸ್ವಲ್ಪ ಗೆಲುವಾಗಿದ್ದ. ಮಾಸ್ಕ್ ಕತ್ತಿಗೆ ಇಳಿಸಿ, ದಿಂಬಿಗೆ ಒರಗಿ ಪತ್ರ ಓದಿದ. ತಂಗಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಒಂದೊಂದು ಪುಟಕ್ಕೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. ಅವನ ಕಣ್ಣು ತುಂಬಿಬರುತ್ತದೆ, ಕೈ ಹಿಡಿಯುತ್ತಾನೆ, ನಾನೂ ಹಿಡಿಯುತ್ತೇನೆ… ಮನಸ್ಸಿನಲ್ಲೇ ಎಲ್ಲ ಆಡಿ ಮುಗಿಸಿದ್ದೆ.

“ಚೆನ್ನಾಗಿ ಬರ್ದಿದೀಯ ದೊರೆ,” ಅಂದ. “ಇದ್ರಲ್ಲಿ ನಾನೆಲ್ಲಿದೀನಿ?”

“ಎಲ್ಲಾ ನಿನ್ನ ಬಗ್ಗೆನೇ ಅಲ್ವಾ.”

“ಅಲ್ಲ. ನಿನ್ನ ತಪ್ಪು. ನಿನ್ನ ಸಂಕಟ. ನಿನ್ನ ದೊಡ್ಡತನ, ಈಗ ಒಪ್ಕೋತಿದೀಯಲ್ಲ, ಅದು. ನಾನು ಬರೀ ಕೈ ಎತ್ತಿದೀನಿ.” ಮಾಸ್ಕ್ ಹಾಕಿಕೊಂಡು ನಾಲ್ಕು ಉಸಿರು. ಮತ್ತೆ ಇಳಿಸಿದ. “ಹನ್ನೊಂದು ವರ್ಷ ನಾನು ಆಡಿದ್ದೂ ಇದೆ. ಅದನ್ನ ಬರಿ.”

“ನನಗೋಸ್ಕರ ಅಷ್ಟು ಮಾಡಿದೀಯ—”

“ನಿನಗೋಸ್ಕರ ಯಾರು ಎತ್ತಿದ್ರು? ಗೆಲ್ಲೋಕೆ ಎತ್ತಿದ್ದು. ನೀನು ಹೋದ್ರೆ ಪಾಯಿಂಟ್ ಹಾಕೋರಿರ್ಲಿಲ್ಲ. ಅಷ್ಟೇ ಲೆಕ್ಕ. ಬ್ಯಾಂಕ್ ಕೆಲಸ ಕೊಡ್ಸೋಕೆ ಅಲ್ಲ.”

ಇಂಗು ತಿಂದ ಮಂಗನ ಹಾಗೆ ಕೂತಿದ್ದೆ. ಬ್ಯಾಂಕಿನ ಮಾತು ಅವನ ಬಾಯಿಂದ ಬಂದದ್ದು ಇದೇ ಮೊದಲು.

ಪತ್ರ ಮಡಿಸಿ ಕೊಟ್ಟ. “ಕಳ್ಸು. ಬೇಡ ಅನ್ನಲ್ಲ. ಆದ್ರೆ ನನ್ನ ಹೆಸರಿನ ಕೆಳಗೆ ಎರಡು ಸಾಲು ಬೇರೆ ಬರ್ದು ಕೊಡು. ನಾನು ಹೇಗೆ ಆಡ್ತಿದ್ದೆ ಅಂತ. ನೀನು ಪಕ್ಕದಲ್ಲೇ ಇದ್ದೆಯಲ್ಲ.”


ಮಾರ್ಚ್ 31, ಸೋಮವಾರ

ಬೆಳಗ್ಗೆ ಪತ್ರ ಅಧ್ಯಕ್ಷರ ಕೈಗೇ ಕೊಟ್ಟು ಬಂದೆ. ಕಚೇರಿಯಲ್ಲಿ ಓದಲಿಲ್ಲ, ಆಮೇಲೆ ಓದುತ್ತೇನೆ ಅಂದರು.

ಮನೆಗೆ ಬಂದು ಎರಡು ಸಾಲು ಬರೆಯಲು ಕೂತೆ. ಹನ್ನೊಂದು ಗಂಟೆಯಿಂದ. ಈಗ ನಾಲ್ಕು.

“ಚುರುಕಿನ ಆಟಗಾರ”—ಯಾರಿಗೆ ಬೇಕಾದರೂ ಬರೆಯಬಹುದು. “ಎದುರಾಳಿಗೆ ಸಿಂಹಸ್ವಪ್ನ”—ವರದಿಗಾರನ ಎಂಜಲು.

ಚಿಲಕ ಹೇಗೆ ನಿಲ್ಲುತ್ತಿದ್ದ? ಮೊದಲು ಯಾವ ಕಾಲು ಹಾಕುತ್ತಿದ್ದ? ಕೈ ಮೇಲಿರುತ್ತಿತ್ತೋ ಕೆಳಗೋ?

ಗೊತ್ತಿಲ್ಲ. ಎಷ್ಟು ತಿಣುಕಿದರೂ ಇಲ್ಲ. ಅವನು ತಡೆಯುತ್ತಿದ್ದಾಗ ನಾನು ಆಗಲೇ ಆ ಕಡೆಯ ಬ್ಯಾಸ್ಕೆಟ್ಟಿನತ್ತ ಅರ್ಧ ತಿರುಗಿ ನಿಂತಿರುತ್ತಿದ್ದೆ, ಚೆಂಡು ಬರಲಿ ಎಂದು. ಚೆಂಡು ಬರುತ್ತಿತ್ತು. ಹೇಗೆ ಬಂತು ಎಂದು ಒಂದು ದಿನವೂ ಹಿಂತಿರುಗಿ ನೋಡಿಲ್ಲ. ಇನ್ನೂರ ಹನ್ನೆರಡು ಪಂದ್ಯ.

ನೆನಪಿರುವುದು ಎತ್ತಿದ ಕೈ ಒಂದೇ. ಅದೂ ನನಗೆ ಸಂಬಂಧಪಟ್ಟದ್ದು ಎಂಬ ಕಾರಣಕ್ಕೆ.

ಇವಳು ಹಾಳೆ ಇಣುಕಿ ನೋಡಿ, ಖಾಲಿ ಇದೆಯಲ್ಲ ಅಂದಳು.


ಏಪ್ರಿಲ್ 1, ಮಂಗಳವಾರ

ಒಂಟೆಗೆ ಫೋನ್ ಮಾಡಿದೆ. ಎದುರು ತಂಡದ ಉದ್ದ ಕತ್ತಿನ ಆಟಗಾರ. ಆ ಕಾಲದಲ್ಲಿ ಅವನಷ್ಟು ಪಾಯಿಂಟ್ ಹಾಕಿದವರು ನನ್ನನ್ನು ಬಿಟ್ಟರೆ ಯಾರೂ ಇಲ್ಲ. ಪಟ್ಟಿಯಲ್ಲಿ ನಾಲ್ಕನೆಯವನು. ಈಗ ಕಿವಿ ಮಂದ, ಮೊದಲು ನನ್ನ ಹೆಸರು ಮೂರು ಸಲ ಕೂಗಬೇಕಾಯಿತು. ಚಿಲಕನ ಹೆಸರು ಒಂದೇ ಸಲಕ್ಕೆ ಕೇಳಿಸಿತು.

“ಅಯ್ಯೋ ಅವನಾ. ಅವನಿಂದ ನಾನು ಪಂದ್ಯದ ಹಿಂದಿನ ದಿನ ಊಟ ಬಿಡ್ತಿದ್ದೆ.”

ಹೇಗೆ ಆಡುತ್ತಿದ್ದ ಎಂದು ಕೇಳಿದೆ. ನೀನೇ ಅವನ ತಂಡದವನಲ್ಲವಾ ಎಂದು ನಕ್ಕ. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದ. ನಾನು ಬರೆದುಕೊಳ್ಳುತ್ತಾ ಹೋದೆ.

“ಅವನು ಮುಟ್ತಿರ್ಲಿಲ್ಲ ಮಾರಾಯ. ಅದೇ ತೊಂದ್ರೆ. ಬೇರೆಯವರು ತಳ್ತಾರೆ, ಎಳೀತಾರೆ, ನಂಗೆ ಫ್ರೀ ಥ್ರೋ ಸಿಗುತ್ತೆ. ಇವನು ಒಂದು ಗೇಣು ದೂರ ನಿಲ್ತಿದ್ದ. ನನ್ನ ಹೊಟ್ಟೆ ನೋಡ್ತಿದ್ದ, ಕಣ್ಣು ನೋಡ್ತಿರ್ಲಿಲ್ಲ. ಕಣ್ಣಲ್ಲಿ ಮೋಸ ಮಾಡ್ಬೋದು, ಹೊಟ್ಟೇಲಿ ಮಾಡೋಕಾಗುತ್ತಾ? ನನಗೆ ಬಲಗಡೆ ಹೋಗೋದು ಇಷ್ಟ. ಬಲಗಡೆ ದಾರಿ ಬಿಟ್ಟು ಕೊಡ್ತಿದ್ದ, ಹೋದ್ರೆ ಮೂಲೆ. ಮೂಲೇಲಿ ನಿಂತಿದ್ದಾಗ ಒಂದ್ಸಲ ನಂಗೆ ಹೇಳಿದ, ‘ಈಗ ಎಲ್ಲಿಗೆ ಹೋಗ್ತೀರಿ ಸ್ವಾಮಿ’ ಅಂತ. ಬಹುವಚನ. ಬೇರೆಯವರೆಲ್ಲ ಬಯ್ತಿದ್ರು, ಇವನು ಸ್ವಾಮಿ ಅಂದ. ನಂಗೆ ನಗು ಬಂದು ಚೆಂಡು ಹೋಯ್ತು.”

ಫೌಲ್?

“ಅವನು ನನ್ನ ಮೇಲೆ ಫೌಲ್ ಮಾಡಿದ್ದು ಜ್ಞಾಪಕ ಇಲ್ಲ. ದುಡುಕ ಅಂತ ಪೇಪರಲ್ಲಿ ಬರ್ದಾಗ ನಾವೆಲ್ಲ ನಕ್ಕಿದ್ವಿ. ನಿಮ್ಮ ತಂಡದಲ್ಲಿ ಮೊಣಕೈ ಹಾಕ್ತಿದ್ದೋನು ಬೇರೆ ಇದ್ದ. ಯಾರು ಅಂತ ನಿಂಗೇ ಗೊತ್ತು.”

ಗೊತ್ತು ಅಂದೆ. ಅವನಿಗೆ ಕೇಳಿಸಲಿಲ್ಲ. ಮತ್ತೆ ಕೂಗಿ ಹೇಳಬೇಕಾಯಿತು—ಗೊತ್ತು.


ಏಪ್ರಿಲ್ 2, ಬುಧವಾರ. ಮಧ್ಯಾಹ್ನ 2

ಅಧ್ಯಕ್ಷರ ಫೋನ್. ಪತ್ರ ಓದಿದರಂತೆ.

“ನಿಮ್ಮ ಮನಸ್ಸು ದೊಡ್ಡದು. ಆದ್ರೆ ಇದೆಲ್ಲ ಈಗ ಯಾಕೆ? ಶನಿವಾರ ಪುಸ್ತಕ ಬಿಡುಗಡೆ ಕಾರ್ಯಕ್ರಮ. ನಿಮ್ಮ ಫೋಟೋ ಸಭಾಂಗಣದ ಮುಂದೆ ಎರಡಾಳೆತ್ತರ ನಿಲ್ಸಾಗಿದೆ. ಆ ಫೈನಲ್ ನಮ್ಮ ಇತಿಹಾಸ. ಅದ್ರಲ್ಲೇ ಮೋಸ ಅಂದ್ರೆ ಕಪ್ಪು ವಾಪಸ್ ಕೊಡಿ ಅಂತಾರೆ. ಬೇಕಾದ್ರೆ ಅವರ ಎರಡು ಸಾಲು ಬದಲಾಯ್ಸೋಣ. ನಂಬರ್ ಮುಟ್ಟೋಕಾಗಲ್ಲ. ಆ ಪತ್ರ ನಾನು ನೋಡೇ ಇಲ್ಲ ಅಂತ ಇಟ್ಕೊಳ್ಳಿ.”

ವಾದಿಸಲಿಲ್ಲ. ಆಗಲಿ ಅಂದೆ.

ನಿರಾಳವಾಯಿತು. ಬರೆದಿಡುತ್ತೇನೆ—ನಿರಾಳವಾಯಿತು. ಹೇಳಿದ ಪುಣ್ಯವೂ ಬಂತು, ಒಂದನೇ ಸ್ಥಾನವೂ ಉಳಿಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆ.

ಮೇಡಂಗೆ ಎರಡು ಸಾಲು ಫೋನಿನಲ್ಲಿ ಹೇಳಿದೆ. ಅವರು ಬರೆದುಕೊಂಡು ಓದಿ ಹೇಳಿದರು: “ಎದುರಾಳಿಯನ್ನು ಮುಟ್ಟದೆ, ಒಂದು ಗೇಣು ದೂರ ನಿಂತು, ಅವನಿಗೆ ಇಷ್ಟವಾದ ದಾರಿಯಲ್ಲೇ ಮೂಲೆಗೆ ನಡೆಸಿಕೊಂಡು ಹೋಗುತ್ತಿದ್ದ. ಅವನ ಲೆಕ್ಕದಲ್ಲಿರುವ ಫೌಲ್‌ಗಳನ್ನು ಅವನೇ ಮಾಡಿದ್ದೆಂದು ಅವನೆದುರು ಆಡಿದವರು ಯಾರೂ ನಂಬುವುದಿಲ್ಲ.”

“ಕೊನೇ ಸಾಲು ಬಿಡ್ತಾರಾ ಸರ್?” ಅಂದರು.

“ಅಧ್ಯಕ್ಷರು ಪ್ರೂಫ್ ಓದಲ್ಲ. ಹಾಕಿ.”

“ಹಾಗಾದ್ರೆ ಯಾರು ಮಾಡಿದ್ದು ಅಂತ ಜನ ಕೇಳ್ತಾರೆ.”

“ಶನಿವಾರ ಮೈಕ್ ಕೊಡ್ತಾರಲ್ಲ. ನಾನೇ ಹೇಳ್ತೀನಿ.”


ಏಪ್ರಿಲ್ 4, ಶುಕ್ರವಾರ

ಆಸ್ಪತ್ರೆಗೆ ಹೋಗಿ ಎರಡು ಸಾಲು ಓದಿದೆ. ಚಿಲಕ ಇನ್ನೊಮ್ಮೆ ಓದು ಅಂತ ಬೆರಳು ತಿರುಗಿಸಿ ತೋರಿಸಿದ. ಮಾತು ಕಡಿಮೆಯಾಗಿದೆ. ಓದಿದೆ. ‘ಒಂದು ಗೇಣು’ ಬಂದಾಗ ಹೆಬ್ಬೆರಳು ಕಿರುಬೆರಳು ಅಗಲಿಸಿ ಹಾಸಿಗೆಯ ಮೇಲೆ ಇಟ್ಟುಕೊಂಡು ನೋಡಿದ.

ತಂಗಿ ಕೆಳಗಿನವರೆಗೆ ಬಂದಳು. ನಾಳೆ ಫೋನಿನಲ್ಲೇ ನೇರಪ್ರಸಾರ ಬರುತ್ತದಂತೆ, ಇಬ್ಬರೂ ನೋಡುತ್ತಾರಂತೆ. “ಹೇಳ್ತೀಯಲ್ಲ ಅಣ್ಣ,” ಅಂದಳು. ಪ್ರಶ್ನೆಯ ಹಾಗೆ ಕೇಳಲಿಲ್ಲ.


ಏಪ್ರಿಲ್ 5, ಶನಿವಾರ. ಸಂಜೆ 7

ಹೇಳಲಿಲ್ಲ.

ಐವತ್ತರಿಂದ ಕೆಳಕ್ಕೆ ಕರೆದರು. ಮೂವತ್ತೆಂಟರ ಎರಡು ಸಾಲನ್ನು ಮೇಡಂ ನಿಧಾನವಾಗಿ ಓದಿದರು, ಸಭೆಯಲ್ಲಿ ಗುಸುಗುಸು ಎದ್ದಿತು. ಒಂಟೆ ಎದ್ದು ನಿಂತು ಚಪ್ಪಾಳೆ ತಟ್ಟಿದ. ಅಲ್ಲಿಯವರೆಗೆ ಎದೆ ಗಟ್ಟಿಯಿತ್ತು.

ನನ್ನ ಹೆಸರು ಕೂಗಿದಾಗ ಇಡೀ ಸಭಾಂಗಣ ಎದ್ದಿತು. ಮುದುಕರು, ಮಕ್ಕಳು, ತಂಡದ ಬಟ್ಟೆ ಹಾಕಿಕೊಂಡ ಹುಡುಗಿಯರು. ಮೈಕಿನ ಮುಂದೆ ನಿಂತೆ. ಚಪ್ಪಾಳೆ ನಿಲ್ಲಲಿ ಎಂದು ಕಾದೆ. ನಿಲ್ಲಲಿಲ್ಲ. ಎಷ್ಟು ಹಿತವಾಗಿತ್ತು ಎಂದರೆ… ನಿಂತ ಮೇಲೆ ಬಾಯಿಂದ ಬಂದದ್ದು, “ನನ್ನ ಗೆಲುವಿನಲ್ಲಿ ನನ್ನ ಭಾವಮೈದನ ಪಾಲೂ ಇದೆ.” ಪಾಲೂ. ಮತ್ತೆ ಚಪ್ಪಾಳೆ. ಅಷ್ಟೇ. ಇಳಿದು ಬಂದೆ.

ಇವಳು ಮನೆಗೆ ಬಂದು ನನ್ನ ಕೊರಳಿನ ಹಾರ ತೆಗೆದು ಕುರ್ಚಿಯ ಮೇಲೆ ಹಾಕಿದಳು.


ಏಪ್ರಿಲ್ 6, ಭಾನುವಾರ. ಮಧ್ಯಾಹ್ನ 12

ಆಸ್ಪತ್ರೆಯಿಂದ ಈಗ ಬಂದೆ. ಊಟಕ್ಕೆ ಕೂರುವ ಮೊದಲೇ ಬರೆಯಬೇಕು.

ಹೋಗದೇ ಇರಬೇಕೆಂದಿದ್ದೆ. ಹೋದೆ. ಬಯ್ಯಿಸಿಕೊಳ್ಳಲು ಸಿದ್ಧನಾಗಿದ್ದೆ. ತಂಗಿ ವಾರ್ಡಿನ ಬಾಗಿಲಿಗೇ ಓಡಿ ಬಂದಳು.

“ಇವರ ಹೆಸರು ಬಂದಾಗ ನೋಡ್ದೆ ಅಣ್ಣ. ಆಮೇಲೆ ನರ್ಸ್ ಔಷಧಿ ತರೋಕೆ ಕಳ್ಸಿದ್ರು, ಕೆಳಗೆ ಅಷ್ಟುದ್ದ ಕ್ಯೂ. ಬರೋ ಹೊತ್ತಿಗೆ ಮುಗ್ದಿತ್ತು. ಇವರು ಒಬ್ಬರೇ ನೋಡಿದಾರೆ. ಕೇಳಿದ್ರೆ ಏನೂ ಹೇಳಲ್ಲ, ನಗ್ತಾರೆ. ನೀನು ಹೇಳಿದ್ಯಾ?”

ಮಂಚದ ಮೇಲೆ ಚಿಲಕ ಕಣ್ಣು ಬಿಟ್ಟುಕೊಂಡೇ ಇದ್ದ. ನನ್ನನ್ನೇ ನೋಡುತ್ತಿದ್ದ.

“ಹೂಂ,” ಅಂದೆ. “ಹೇಳ್ದೆ.”

ಅವಳು ನನ್ನ ತೋಳು ಹಿಡಿದುಕೊಂಡಳು. ಈಗ ಅತ್ತಳು. ಇಷ್ಟು ವರ್ಷದ್ದೆಲ್ಲ. ಅಳುತ್ತಲೇ ಅವನ ಕಡೆ ತಿರುಗಿ, “ಹೌದೇನ್ರೀ? ಹೇಳಿದ್ನಾ?” ಅಂದಳು.

ಚಿಲಕ ಮಾಸ್ಕ್ ಇಳಿಸಿದ. ಅದಕ್ಕೇ ಬಹಳ ಹೊತ್ತು ಹಿಡಿಯಿತು. ಒಂದು ಮಾತು ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಅನ್ನಲಿ ಎಂದೇ ನಾನು ನಿಂತಿದ್ದೆ, ಆಣೆಗೂ.

“ಹೇಳಿದ,” ಅಂದ. “ಪೂರ್ತಿ ಕೇಳ್ದೆ. ಚೆನ್ನಾಗಿ ಹೇಳಿದ.”

ಮಾಸ್ಕ್ ಮತ್ತೆ ಹಾಕಿಕೊಂಡು ಕಿಟಕಿಯ ಕಡೆ ಹೊರಳಿದ.

ನಾಳೆ ಬೆಳಗ್ಗೆಯೇ ಹೋಗಿ, ಅವನು ಇರುವಾಗಲೇ, ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಭೆಯಲ್ಲಿ ನಾನು ಏನೂ ಹೇಳಲಿಲ್ಲ ಎಂದು…